ಉಡುಗೊರೆ

ಬದ್ರಿ, ನಾನೂಲಿಗೆ ಮದುವೆಯಾಗಿ ನಲವತ್ತು ವರ್ಷ.
ಏನು ಕೊಡುವುದು, ಹೇಳಿ?
ಕುತೈಸಿಯ ಪೇಟೆಯೆಲ್ಲ ಸುತ್ತಿದೆ.
ಬೆಳ್ಳಿ ಕಟ್ಟಿದ ಕೊಂಬಿನ ಬಟ್ಟಲು? ಅವರಲ್ಲಿ ಆರಿವೆ.
ವೈನಂತೂ, ನಾವು ಕುಡಿಯುವುದೇ ಅವರ ಹರವಿಯದು.

ಬರಿಗೈಲಿ ಬಂದವನಿಗೆ ಲಮಾರಾ
ಕೊಟ್ಟಿಗೆಯತ್ತ ಗಲ್ಲ ತೋರಿದಳು.
ಗೋಡೆಗೊರಗಿ ನಿಂತಿತ್ತು,
ಹನ್ನೊಂದು ವರ್ಷದ ಹಿಂದೆ
'ನಾಳೆ ಬೆಳಗ್ಗೆ ಕೊಡ್ತೀನಿ' ಅಂತ ತಂದ ಏಣಿ.

ಜೇಡರಬಲೆ ಒರೆಸಿದೆ. ಸಡಿಲ ಮೆಟ್ಟಿಲಿಗೆ ಮೊಳೆ ಹೊಡೆದೆ.
ರಿಬ್ಬನ್ನು ಅವಳೇ ಕಟ್ಟಿದಳು.

ಬದ್ರಿ ಬೈಯಲಿಲ್ಲ.
ಔತಣ ಬಿಟ್ಟೆದ್ದು, ಸೂಟಿನಲ್ಲೇ,
ಅಂಗಳದ ಪರ್ಸಿಮನ್ ಮರಕ್ಕೆ ಏಣಿ ಚಾಚಿ ಹತ್ತಿದ.
ಇಷ್ಟು ವರ್ಷ ಕಾಗೆಗಳೇ ತಿಂದ ತುದಿಕೊಂಬೆಯ ಹಣ್ಣು
ಒಂದೊಂದಾಗಿ ಇಳಿದವು
ಹೊಸ ಲಂಗ ಒಡ್ಡಿ ನಿಂತ ನಾನೂಲಿಗೆ.

ಒಂದನ್ನು ಕಚ್ಚಿ, ರಸ ಒರೆಸಿಕೊಳ್ಳುತ್ತ
ನನ್ನತ್ತ ತಿರುಗಿದಳು:
'ಗರಗಸ, ಐವತ್ತನೇ ವರ್ಷಕ್ಕಾ?'