ಹೆಬ್ಬಾತಿನ ಕೊರಳು

ಗಾಳಿ ಅಂದರು ಮೊದಲು.
ಕೊಶಾವಾ ಬೀಸಿದರೆ ಟಿಸಾ ನದಿಯೂ ಮಗ್ಗುಲು ಬದಲಿಸುತ್ತದೆ,
ಇನ್ನು ಮುಸುಕಿನ ಜೋಳದ ಪಾಡೇನು ಅಂದರು.
ನಾನು ಒಪ್ಪಲಿಲ್ಲ, ರಾದಿವೊಯ್.
ಗಾಳಿ ಕೆಡವಿದರೆ ಒಂದೇ ದಿಕ್ಕಿಗೆ ಕೆಡವುತ್ತದೆ;
ನನ್ನ ಪೈರು ಬಿದ್ದಿದ್ದು
ಮದುವೆ ಮುಗಿದ ರಾತ್ರಿಯ ನೆಂಟರ ಹಾಗೆ,
ಒಬ್ಬರ ಕಾಲಿಗೆ ಇನ್ನೊಬ್ಬರ ತಲೆ.

ನಿನ್ನ ಹಂದಿಗಳು ಅಂದೆ.
ಬ್ರೆಡ್ಡಿನಂಗಡಿಯ ಸಾಲಿನಲ್ಲಿ ನಿಂತು ಅಂದೆ,
ಎರಡು ಭಾಷೆಯಲ್ಲಿ ಅಂದೆ,
ಒಬ್ಬರ ಕಿವಿಗೂ ತಪ್ಪಿಹೋಗಬಾರದೆಂದು.
ಆ ವರ್ಷ ಅಂಥ ಮಾತಿಗೆ ಊರೇ ಹಸಿದು ಕೂತಿತ್ತು.
ಗೊತ್ತಿತ್ತು ನನಗೆ. ಆದರೂ ಅಂದೆ.

ಬಿದ್ದ ದಂಟುಗಳು ವಾರದೊಳಗೆ ಎದ್ದವು.
ಎದ್ದವು ಅಂದರೆ, ಬುಡ ಮಲಗಿಯೇ ಇತ್ತು,
ತುದಿ ಮಾತ್ರ ಬೆಳಕಿನತ್ತ ಬಾಗಿ ನಿಂತಿತು,
ಬಾಗಿಲಲ್ಲಿ ಹೊಸಬರನ್ನು ಕಂಡ ನನ್ನ ಹೆಬ್ಬಾತುಗಳು
ಕೊರಳೆತ್ತುವ ಹಾಗೆ.
ಹೊಲದ ತುಂಬ ಹೆಬ್ಬಾತಿನ ಕೊರಳು. ಕೂಗು ಮಾತ್ರ ಇಲ್ಲ.

ಜುಲೈ ಮೊದಲ ವಾರ ಝ್ದೆಂಕಾ ಬಂದಳು,
ಸೈಕಲ್ಲಿನ ಹಿಂದೆ ಸನಿಕೆ, ಬಕೆಟ್ಟು, ಒಂದು ಕಪ್ಪು ಪ್ಲಾಸ್ಟಿಕ್ ಹಾಳೆ.
ಹೋದ ವರ್ಷ ಏನು ಹಾಕಿದ್ದಿರಿ? ಜೋಳ.
ಅದರ ಹಿಂದಿನ ವರ್ಷ? ಜೋಳ.
ಅದರ ಹಿಂದೆ?
ಹೆಬ್ಬಾತಿಗೆ ಸೂರ್ಯಕಾಂತಿ ತಿನ್ನಿಸಿ ಕೊಬ್ಬಿಸಲಾಗುತ್ತದಾ, ಅಂದೆ.
ಅವಳು ನಗಲಿಲ್ಲ.
ಎರಡೇ ಬೆರಳಲ್ಲಿ ಒಂದು ದಂಟು ಹಿಡಿದೆಳೆದಳು:
ಅಲುಗುವ ಹಾಲುಹಲ್ಲಿನಂತೆ ಬಂತು.
ಬೇರಿನ ಜಡೆ ಇರಬೇಕಾದಲ್ಲಿ ಕಂದು ಮೊಂಡುಗಳು,
ಸೇದಿ ಬಿಸುಟ ಸಿಗರೇಟಿನ ತುಂಡುಗಳು.

ಮಣ್ಣನ್ನು ಕಪ್ಪು ಹಾಳೆಯ ಮೇಲೆ ಬಿಡಿಸಿದಳು.
ಬೆಳ್ಳಗೆ ಏನೋ ಮಿಸುಕಿತು.
ದಾರದ ಎಳೆ. ಉಗುರಿನಷ್ಟು ಉದ್ದ.
ಇಗೋ ತಲೆ, ಕಂದು, ಅಂದಳು;
ನೋಡಿ, ಬಾಲಕ್ಕೂ ಒಂದು ಕಂದು ಬಿಲ್ಲೆ.
ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯದು,
ಗಡಿಯಲ್ಲಿ ನಿಲ್ಲಿಸಿದ ನಮ್ಮ ಬಸ್ಸಿನ ಹಾಗೆ.

ಆಮೇಲೆ ಸಾಲಿನ ನಡುವಿನ ಕುಂಬಳದ ಹೂವನ್ನು
ಬಾಯಿ ಮುಚ್ಚಿ ಕಿತ್ತು, ಗಾಜಿನ ಭರಣಿಗೆ ಕೊಡವಿದಳು.
ಮೂರು ದುಂಬಿ ಬಿದ್ದವು, ಜೋಳದ ಕಾಳಿಗಿಂತ ಚಿಕ್ಕವು.
ಹಳದಿ ಬೆನ್ನಿಗೆ ಮೂರು ಕಪ್ಪು ಗೆರೆ ಇದ್ದದ್ದು ಹೆಣ್ಣು,
ಗೆರೆಗಳು ಕಲಸಿ ಬೆನ್ನೆಲ್ಲ ಮಸಿಯಾದದ್ದು ಗಂಡು.
ತೆನೆಯ ರೇಷ್ಮೆಗೂದಲು ಮೇಯುವುದು ಇವೇ;
ಮುಸುಕು ಸುಲಿದರೆ ಒಳಗೆ ಅಲ್ಲೊಂದು ಇಲ್ಲೊಂದು ಕಾಳು,
ಅಜ್ಜಿಯ ಬೊಚ್ಚುಬಾಯಿ.

ಎಲ್ಲಿಂದ ಬಂತು ಕೇಳಿದೆ. ಸಾಗರದಾಚೆಯಿಂದ.
ಬೆಲ್‌ಗ್ರೇಡಿನ ವಿಮಾನ ನಿಲ್ದಾಣದ ಬಳಿ ಮೊದಲು ಕಂಡರಂತೆ.
ಹೊರಗಿನಿಂದ ಕೆಮ್ಮಿನ ಔಷಧಿಯೂ ಬರದ ಕಾಲಕ್ಕೆ
ಇದೊಂದು ಬಂದಿತ್ತು.

ಆಗಸ್ಟಿನಲ್ಲಿ ಜೋಳದ ಬುಡದ ಮಣ್ಣಿಗೇ ಮೊಟ್ಟೆ.
ಹಿಮದಡಿ ಚಳಿಗಾಲ ಪೂರ್ತಿ ನಿದ್ದೆ.
ಮೇ ಕೊನೆಗೆ ಒಡೆದ ಮರಿ ಕತ್ತಲಲ್ಲಿ
ಬೇರು ಬಿಡುವ ಉಸಿರನ್ನು ಮೂಸುತ್ತ ಹೊರಡುತ್ತದೆ;
ಒಂದು ಮಾರು ದಾಟುವ ತ್ರಾಣವೂ ಇಲ್ಲ.
ಅದರ ತಾಯಿ ನಂಬಿದ್ದು ಇಷ್ಟೇ:
ಎಟೆಲ್ಕಾ ಮುಂದಿನ ವರ್ಷವೂ ಜೋಳವನ್ನೇ ಹಾಕುತ್ತಾಳೆ.

ನನ್ನನ್ನು ಇಷ್ಟು ಚೆನ್ನಾಗಿ ಬಲ್ಲವರು
ಈ ಊರಲ್ಲಿ ಇನ್ನೊಬ್ಬರಿಲ್ಲ.

ಆದ್ದರಿಂದ ಈ ಭರಣಿ, ರಾದಿವೊಯ್. ಹಿಡಿ.
ಹಂದಿಯ ಮಾತನ್ನು ಅದೇ ಅಂಗಡಿಯಲ್ಲಿ ನಿಂತು
ಎರಡು ಭಾಷೆಯಲ್ಲೂ ವಾಪಸ್ ತೆಗೆದುಕೊಂಡೆ.
ಕೇಳಿಸಿಕೊಂಡವರು ಅರ್ಧಕ್ಕರ್ಧ ಕಡಿಮೆ.
ಈ ಅಕ್ಟೋಬರಿಗೆ ನನ್ನ ಕಡೆ ಗೋಧಿ.
ಆಚೆ ನೀನು ಜೋಳದ ಮೇಲೆ ಜೋಳ ಹಾಕಿದರೆ,
ನಮ್ಮ ನಡುವಿನ ಕಾಲುವೆ ಇದಕ್ಕೆ ಗಡಿಯಲ್ಲ.
ಕೇಳಲು ಬಂದದ್ದು ಅಷ್ಟೇ.

ಇನ್ನೊಂದು. ಮೇ ತಿಂಗಳಲ್ಲಿ ಅವು ಕಣ್ಣು ಬಿಟ್ಟು
ಗೋಧಿಯ ಬೇರುಗಳ ನಡುವೆ
ಜೋಳದ ಉಸಿರು ಹುಡುಕುವುದನ್ನು ನೆನೆದರೆ
ಯಾಕೋ ಕೂತಲ್ಲಿ ಕೂರಲಾಗುವುದಿಲ್ಲ.
ನಗಬೇಡ. ಹೆಬ್ಬಾತು ಕೊಯ್ಯುವ ಕೈ ಇದು.
ಮುಚ್ಚಳಕ್ಕೆ ಮೊಳೆಯಿಂದ ನಾಕು ತೂತು ಹೊಡೆದಿದ್ದೇನೆ,
ನೀನು ನೋಡಿ ಮುಗಿಸುವ ತನಕ
ಇರಲಿ.