ಹಾಡಿಲ್ಲದ ಪ್ಲೇಟು

ಕಮ್ಮನಹಳ್ಳಿ, ಮೂರನೇ ಮಹಡಿ, ನೀರಿನ ಟ್ಯಾಂಕಿನ ಅಡಿಯ ಕೋಣೆ.
ಮಧ್ಯಾಹ್ನ ಮೂರೂವರೆ. ರಾತ್ರಿ ಒಂಬತ್ತಕ್ಕೆ ಚರ್ಚ್ ಸ್ಟ್ರೀಟಿನಲ್ಲಿ ನನ್ನ ಪಾಳಿ.
ಎರಡು ಟರ್ನ್‌ಟೇಬಲ್ಲು, ಒಂದು ಲ್ಯಾಪ್‌ಟಾಪು, ನಡುವೆ
ಸೋಪಿನ ಡಬ್ಬಿಯಷ್ಟು ಸೌಂಡ್ ಕಾರ್ಡು.
ಬಾಗಿಲಲ್ಲಿ ಚಪ್ಪಲಿ ಬಿಡುತ್ತ
ಎಸ್.ಪಿ. ರಸ್ತೆಯ ಖಲಂದರ್ ಸಾಹೇಬರು,
ಜೇಬಲ್ಲಿ ಬೆಂಕಿಪೊಟ್ಟಣ, ಪೊಟ್ಟಣದಲ್ಲಿ ಹತ್ತಿ,
ಹತ್ತಿಯೊಳಗೆ ಹೊಸ ಮುಳ್ಳು.

"ಮೊದಲು ಪ್ಲೇಟು ಕೇಳಿಸು" ಅಂದರು.
ಕೇಳಿಸಿದೆ. ಕೀ ಎಂದು ಒಂದೇ ಎಳೆ,
ಏರುವುದಿಲ್ಲ, ಇಳಿಯುವುದಿಲ್ಲ.
"ಇದೇನಮ್ಮ, ಕಿವೀಲಿ ಜೀರುಂಡೆ! ಎಷ್ಟು ಕೊಟ್ಟೆ?"
ಹೇಳಿದೆ.
ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಹಾಡು ಇದರಲ್ಲಿಲ್ಲ, ಲ್ಯಾಪ್‌ಟಾಪಲ್ಲಿದೆ.
ಇದರಲ್ಲಿರುವುದು ಬರೀ ವಿಳಾಸ.
ಗೀರು ಗೀರಿಗೂ ಡೋರ್ ನಂಬರು,
ಇಷ್ಟನೇ ನಿಮಿಷ, ಇಷ್ಟನೇ ಸೆಕೆಂಡು;
ಮುಳ್ಳು ಓದಿ ಹೇಳಿದರೆ ಹಾಡು ಅಲ್ಲಿಗೆ ಓಡಿ ನಿಲ್ಲುತ್ತೆ.
ಆಬ್ಸಲ್ಯೂಟ್ ಅಂತ ಒತ್ತಿದರೆ ಮೇನು, ಕ್ರಾಸು, ಮನೆ ನಂಬರು.
ರಿಲೇಟಿವ್ ಅಂದರೆ, ಹೀಗೇ ಮುಂದೆ ಹೋಗಿ, ಅಲ್ಲಿ ಯಾರನ್ನಾದರೂ ಕೇಳಿ.
"ಈ ಊರಲ್ಲಿ ಎರಡನೇದೇ ಮನೆ ಮುಟ್ಟಿಸೋದು" ಅಂದರು.
ಆಮೇಲೆ, ಸ್ವಲ್ಪ ಹೊತ್ತಿನ ಮೇಲೆ,
"ಗಡಿಯಾರಕ್ಕೂ ಮುಳ್ಳು, ಪ್ಲೇಟಿಗೂ ಮುಳ್ಳು.
ಹೊತ್ತು ಹೇಳೋ ಕೆಲಸ ಇದಕ್ಕೂ ಬಂತು ನೋಡು."

ಪರದೆ ಮೇಲೆ ಎರಡು ಹಸಿರು ಉಂಗುರ, ದುಂಡಗಿರಬೇಕು.
ಎಡಗಡೆಯದು ದುಂಡಗಿದೆ.
ಬಲಗಡೆಯದು ಯಾರೋ ಮೇಲೆ ಕೂತೆದ್ದ ಬನ್ನು.
ಸಾಲದ್ದಕ್ಕೆ ಗುಂಯ್ ಸದ್ದು, ಸಾಲದ್ದಕ್ಕೆ ಹಾಡು
ಹಿಂದುಹಿಂದಕ್ಕೆ ನಡೆಯುತ್ತಿದೆ,
ದೊಡ್ಡವರೆದುರು ಬೆನ್ನು ತೋರಿಸದ ಸೊಸೆಯ ಹಾಗೆ.

ಅವರು ಪರದೆ ನೋಡಲಿಲ್ಲ. ಮಂಡಿಯೂರಿ ಮೇಜಿನ ಹಿಂದೆ ಹೋದರು.
"ಗ್ರೌಂಡ್ ವೈರು ಗಾಳೀಲಿದೆ."
ಗುಂಯ್ ನಿಂತಿತು.
"ಕೆಂಪಿನ ಮನೇಲಿ ಬಿಳಿ ಸಂಸಾರ ಹೂಡಿದೆ."
ಹಾಡು ಮುಖ ತಿರುಗಿಸಿತು.
"ನಾಲ್ಕು ಗ್ರಾಮು ಯಾಕೆ ಹೇರಿದೀಯ? ಹೊಲ ಉಳ್ತೀಯಾ?"
ತೂಕ ಇಳಿಸಿ, ಸವೆದ ಮುಳ್ಳು ಕಿತ್ತು, ಹೊಸದಕ್ಕೆ ಉಫ್ ಎಂದು ಊದಿ
ಕೂರಿಸಿದರು. ಬನ್ನು ಬಳೆಯಾಯಿತು.

ಸೀಡಿ ಪ್ಲೇಯರಿಗೆ ಅದೇ ಕೀ ಸದ್ದು ಬರೆದ ಸೀಡಿ,
ಫೋನೋ ಇದ್ದದ್ದು ಲೈನ್‌ಗೆ, ಅಷ್ಟೇ. ಅದು ನಾನೇ ಮಾಡಿಕೊಂಡೆ.
ಮುಳ್ಳಿಲ್ಲದ್ದನ್ನು ಅವರು ಮುಟ್ಟುವುದಿಲ್ಲ.

ನಾಲ್ಕು ಇಪ್ಪತ್ತಕ್ಕೆ ಕರೆಂಟು ಹೋಯಿತು.
ಲ್ಯಾಪ್‌ಟಾಪಿಗೇನೂ ಆಗಿರಲಿಲ್ಲ, ಎಂಬತ್ತೆರಡು ಪರ್ಸೆಂಟು.
ಆದರೂ ಹೆಡ್‌ಫೋನಲ್ಲಿ ಹಾಡು
ಗಂಟಲು ದಪ್ಪವಾಗಿ, ಕಾಲೆಳೆದು, ಕೂತುಬಿಟ್ಟಿತು.
ತಟ್ಟೆ ನಿಂತಿತ್ತಲ್ಲ.

"ಕೊಡಿಲ್ಲಿ" ಎಂದು ಹೆಡ್‌ಫೋನು ಕಿತ್ತುಕೊಂಡು
ಟೋಪಿಯ ಮೇಲೇ ಹಾಕಿಕೊಂಡರು.
ಪ್ಲೇಟಿನ ಮೇಲೆ ತೋರುಬೆರಳಿಟ್ಟು ಮೆಲ್ಲಗೆ ತಿರುಗಿಸಿದರು.
ಮೂವತ್ತಮೂರರ ಲೆಕ್ಕ ಆ ಬೆರಳಿಗೆ ಗೊತ್ತಿತ್ತು.
ನನಗೇನೂ ಕೇಳಿಸುತ್ತಿರಲಿಲ್ಲ.
ಪರದೆಯ ಉಂಗುರ ನೋಡುತ್ತಿದ್ದೆ, ಒಂಚೂರು ನಡುಗುತ್ತಿತ್ತು.
ಅವರ ಬಾಯಿ ಏನೋ ಹೇಳಿಕೊಳ್ಳುತ್ತಿತ್ತು.

ಫ್ಯಾನು ತಿರುಗತೊಡಗಿತು.
ಸ್ಟಾರ್ಟ್ ಗುಂಡಿ ನನ್ನ ಕೈಯಳತೆಯಲ್ಲೇ ಇತ್ತು.
ಒತ್ತಲಿಲ್ಲ.