ಆರು ನಿಮಿಷದ ನಡಿಗೆ

ಊದಿ, ಊದಿ, ಊದಿ, ಊದಿ,
ಬಿಡಬೇಡಿ, ಇನ್ನೂ ಇದೆ, ಇನ್ನೂ ಇದೆ!
ಕೋಲಾರದ ಆಸ್ಪತ್ರೆಯ ಹದಿನೇಳನೇ ಕೋಣೆಯಲ್ಲಿ
ದಿನಕ್ಕೆ ಇಪ್ಪತ್ತು ಸಲ ಹೀಗೆ ಕೂಗುವುದು ನನ್ನ ಕೆಲಸ.
ಹೊರಗೆ ಬೆಂಚಿನ ಮೇಲೆ ಕೂತವರು
ಒಳಗೆ ಯಾರಿಗೋ ಹೆರಿಗೆ ಅಂದುಕೊಳ್ಳುತ್ತಾರೆ.

ಇವತ್ತಿನ ಮೂರನೆಯವರು ಮೋನಾಚಾರಿ,
ಶಿವಾರಪಟ್ಟಣ, ಐವತ್ತೆಂಟು ವರ್ಷ,
ಕಲ್ಲೊಳಗಿನ ದೇವರನ್ನು ಬಿಡಿಸಿ ಕೊಡುವವರು.
ಮೂಗಿಗೆ ಕ್ಲಿಪ್ಪು ಹಾಕಿದೆ. ನಕ್ಕರು.
"ಸಾವಿರ ಮೂಗು ಕೆತ್ತಿದೀನಿ ಕಣಮ್ಮ,
ಒಂದಕ್ಕೂ ಹಿಂಗೆ ಬೀಗ ಹಾಕಿರ್ಲಿಲ್ಲ."
ರಟ್ಟಿನ ಕೊಳವೆಗೆ ತುಟಿ ಬಿಗಿದು ಊದಿದರು.
ಪರದೆಯ ಮೇಲೆ ಗೆರೆ
ಸರಕ್ಕನೆ ಎದ್ದು ಸರಕ್ಕನೆ ಬಿತ್ತು.
ಸಣ್ಣ ಗುಡ್ಡ.
ಆ ಎತ್ತರದ, ಆ ವಯಸ್ಸಿನ ಗಂಡಸಿಗೆಂದು
ಯಂತ್ರ ಚುಕ್ಕಿಯಲ್ಲಿ ಬರೆದಿಟ್ಟ ಬೆಟ್ಟದ
ಅರ್ಧಕ್ಕಿಂತ ಚೂರು ಮೇಲೆ.
ಮೂರು ಸಲ ಊದಿದರು. ಮೂರು ಸಲವೂ ಅದೇ ಗುಡ್ಡ.

ಎಷ್ಟು ಸಲೀಸಾದ ಕೆಲಸ ಇದು, ಆದರೆ.
ಪಕ್ಕೆಲುಬಿನಡಿ ಬೋರಲು ಹಾಕಿದ ಬಾಣಲೆಯಂಥ ವಪೆ
ಇಳಿದು ಚಪ್ಪಟೆಯಾದರೆ ಆಯಿತು,
ಗಾಳಿಯನ್ನು ಕರೆಯಬೇಕಿಲ್ಲ,
ಜಾಗ ಮಾಡಿದರೆ ತಾನೇ ಬಂದು ಕೂರುತ್ತದೆ
ಮದುವೆಮನೆ ಪಂಕ್ತಿಯಲ್ಲಿ ಕೂತ ಹಾಗೆ.
ಕವಲು, ಕವಲಿಗೆ ಕವಲು,
ಕೊನೆಗೆ ರಾಗಿಕಾಳಿಗಿಂತ ಸಣ್ಣ ಗೂಡು.
ಈಚೆ ಗಾಳಿ, ಆಚೆ ರಕ್ತ, ನಡುವೆ ತೆಳ್ಳನೆ ಬಟ್ಟೆ;
ದನದ ಸಂತೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು
ಮಾತಿಲ್ಲದೆ ವ್ಯಾಪಾರ ಮುಗಿಸಿದಂತೆ
ಕೊಟ್ಟು ತೆಗೆದುಕೊಂಡು ಹೊರಡುತ್ತವೆ.
ಮೋನಾಚಾರಿಯ ಟವೆಲ್ಲು ಮಾತ್ರ
ನಲವತ್ತು ವರ್ಷದ ಕಲ್ಲುಪುಡಿಯಲ್ಲಿ
ಗಂಜಿ ಹಾಕಿದಂತೆ ಸೆಟೆದಿದೆ.

ಆಮೇಲೆ ನಡಿಗೆ.
ಕಾರಿಡಾರಿನಲ್ಲಿ ಮೂವತ್ತು ಮೀಟರು,
ಆ ತುದಿಗೊಂದು ಈ ತುದಿಗೊಂದು ಮರಳಿನ ಬಕೆಟ್ಟು.
ಓಡಬಾರದು. ಸುಸ್ತಾದರೆ ನಿಲ್ಲಬಹುದು,
ಗಡಿಯಾರ ಮಾತ್ರ ನಿಲ್ಲುವುದಿಲ್ಲ.
ಬೆರಳಿನ ಚಿಮಟ ತೋರಿಸಿದ್ದು ತೊಂಬತ್ತೈದು.
ನಾನು ಒಂದು ಹೆಜ್ಜೆ ಹಿಂದೆ;
ಪಕ್ಕದಲ್ಲಿ ನಡೆದರೆ ಅವರು ನನ್ನ ವೇಗಕ್ಕೆ ಬೀಳುತ್ತಾರೆ.

ಮೊದಲ ಹೆಜ್ಜೆಗೇ ಉಸಿರು ಏರಿತು.
ಕಾಲು ಕೇಳುವ ಮುಂಚೆಯೇ ತಲೆ ಕೊಡಿಸಿದ ಮುಂಗಡ ಅದು.
ಆಮೇಲಿನದು ನನಗೆ ಪುಸ್ತಕಕ್ಕಿಂತ ಮೊದಲೇ ಗೊತ್ತು:
ಮಾಲೂರಿನ ಕಾಲೇಜು ತಂಡಕ್ಕೆ ರೈಡರ್ ನಾನು, ಏಳನೇ ನಂಬರು.
ಗೆರೆ ದಾಟಿದ ಮೇಲೆ ಕಬಡ್ಡಿ ಕಬಡ್ಡಿ ಕಬಡ್ಡಿ,
ಬಿಡುವುದಷ್ಟೇ, ಎಳೆದುಕೊಳ್ಳುವ ಹಾಗಿಲ್ಲ.
ಎದೆ ಒದ್ದಾಡುವುದು ಗಾಳಿ ತೀರಿತು ಅಂತಲ್ಲ,
ತೊಡೆಯಲ್ಲಿ ಉರಿದದ್ದರ ಹೊಗೆ ರಕ್ತಕ್ಕೆ ಕೂಡಿತು ಅಂತ.
ಕತ್ತಿನ ಹಿಂದೆಲ್ಲೋ ಕೂತ ಕಾವಲುಗಾರ
ಅದರ ರುಚಿ ನೋಡಿ ಬೈಯುತ್ತಾನೆ: ಸಾಕು, ವಾಪಸ್ಸು ಬಾ.

ಮೂರನೇ ನಿಮಿಷ, ತೊಂಬತ್ತು.
ನನ್ನ ಎದೆಯಲ್ಲಿ ಲೋಟದಷ್ಟಿದ್ದ ಗಾಳಿ
ಸದ್ದಿಲ್ಲದೆ ಚೊಂಬಿನಷ್ಟಾಗಿದೆ.
ಅವರ ಲೋಟ ಚೊಂಬಾಗಲಾರದು.
ಲೋಟಗಳೇ ಹೆಚ್ಚಬೇಕು:
ಮೂವತ್ತೆರಡು, ಮೂವತ್ತಾರು, ನಲವತ್ತು.

ನಾಲ್ಕನೇ ನಿಮಿಷ, ಎಂಬತ್ತೇಳು.
ಗೋಡೆ ಹಿಡಿದು ನಿಂತರು.
ಕಿಟಕಿಯಾಚೆ ಅಂತರಗಂಗೆ ಬೆಟ್ಟ.
ಅದನ್ನೇ ನೋಡುತ್ತಾ, ತುಂಡು ತುಂಡಾಗಿ,
"ಆ ಬಂಡೆ... ಉಳಿಗೆ ಬರಲ್ಲ... ಎಳೆ ಸರಿಯಿಲ್ಲ."
ಮತ್ತೆ ಸ್ವಲ್ಪ ಹೊತ್ತಿಗೆ,
"ಹೊಳ್ಳೆ ಕೊರೆಯೋವಾಗ ಉಸಿರು ಹಿಡೀತಿದ್ದೆ.
ಕಲ್ಲು ತಗೊಳ್ಳೋ ಮುಂಚೆ ನಾವು ತಗೋಬಾರ್ದು ಅಂತಿದ್ದ ನಮ್ಮಪ್ಪ."
ತಿರುಗಿ ನೋಡಿದರು.
"ನೀನ್ಯಾಕಮ್ಮ ಹಿಡ್ಕೊಂಡಿದೀಯ?"

ಹೌದು, ಹಿಡಿದಿದ್ದೆ. ಬಿಟ್ಟೆ.

ಇನ್ನೂರ ಎಪ್ಪತ್ತು ಮೀಟರು ಅಂತ ಬರೆದುಕೊಂಡೆ.
ಕುರ್ಚಿಯಲ್ಲಿ ಕೂತ ಮೇಲೂ ಎದೆ ಏರಿಳಿಯುತ್ತಲೇ ಇತ್ತು,
ನಡಿಗೆಯ ಕೈಸಾಲ ಕಂತಿನಲ್ಲಿ ತೀರುತ್ತಿತ್ತು.
ಡಾಕ್ಟರು ಹೇಳಬೇಕಾದ್ದನ್ನು ನಾನು ಹೇಳುವಂತಿಲ್ಲ.
ಹೊರಡುವಾಗ ರಟ್ಟಿನ ಕೊಳವೆ ತೋರಿಸಿ,
"ಇದನ್ನ ಎಸೀತೀರಾ? ಕೊಡಿ,
ಮೊಮ್ಮಗು ಪೀಪಿ ಮಾಡ್ಕೊಳ್ಳುತ್ತೆ."
ಅದನ್ನು ಬುಟ್ಟಿಗೆ ಹಾಕಿ,
ಡಬ್ಬಿಯಿಂದ ಹೊಸದೊಂದು ತೆಗೆದುಕೊಟ್ಟೆ.